ನಾಯಿಮರಿಗೆ ಮೊದಲ ಪಾಠಗಳು

ನಮ್ಮ ಶಾಲೆಯ ಅನೇಕ ಮಕ್ಕಳ ಮನೆಗಳಲ್ಲಿ ನಾಯಿಮರಿಗಳುಂಟು. ಆದರೆ ಮರಿಯನ್ನು ತರುವಾಗಿನ ಉತ್ಸಾಹವು ಅದಕ್ಕೆ ನಡತೆ ಕಲಿಸುವಾಗ ಉಳಿಯುವದಿಲ್ಲ. ಶಿಕ್ಷಣವಿಲ್ಲದೆ ಬೆಳೆದ ನಾಯಿಯು ಬಂದವರ ಮೈಮೇಲೆ ಹಾರುತ್ತದೆ, ಮಕ್ಕಳ ಕೈ ಕಚ್ಚುತ್ತದೆ. ಕೊನೆಗೆ ಸರಪಳಿಗೆ ಬೀಳುತ್ತದೆ, ಇಲ್ಲವೆ ಬೀದಿಪಾಲಾಗುತ್ತದೆ. ಆದುದರಿಂದ ಮಕ್ಕಳಿಗೂ ಪಾಲಕರಿಗೂ ಈ ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಎಂಟು ವಾರಗಳ ಮರಿಯೂ ಕಲಿಯಬಲ್ಲದು. ಆದರೆ ಅದು ನಮ್ಮ ಭಾಷೆಯನ್ನರಿಯದು. ಒಂದು ಧ್ವನಿಯನ್ನೂ ಅದರ ಬೆನ್ನಿಗೇ ಬರುವ ಫಲವನ್ನೂ ಜೋಡಿಸಿಕೊಳ್ಳುತ್ತದೆ. ಊಟಕ್ಕೆ ಮುಂಚೆ ಪ್ರತಿಸಲವೂ ಒಂದು ಸಪ್ಪಳ ಕೇಳಿಸಿದರೆ, ಕ್ರಮೇಣ ಆ ಸಪ್ಪಳಕ್ಕೇ ನಾಯಿಯ ಬಾಯಲ್ಲಿ ನೀರೂರುವದೆಂದು ರಶಿಯದ ವಿಜ್ಞಾನಿ ಪಾವ್ಲೋವ್ ಇವರು ಪ್ರಯೋಗದಿಂದ ತೋರಿಸಿದರು.

ಆದ್ದರಿಂದ ಒಂದು ಆಜ್ಞೆಗೆ ಒಂದೇ ಶಬ್ದವಿರತಕ್ಕದ್ದು. ನಮ್ಮ ಗಡಿನಾಡಿನ ಮನೆಗಳಲ್ಲಿ ಇದೇ ಕಷ್ಟ. ತಂದೆಯವರು 'ಕುಂದ್ರು' ಎನ್ನುತ್ತಾರೆ; ಮರಾಠಿ ಗೆಳೆಯರೊಡನೆ ಆಡುವ ಅಣ್ಣನು 'ಬಸ್' ಎನ್ನುತ್ತಾನೆ; ತಮ್ಮನು 'ಸಿಟ್' ಎನ್ನುತ್ತಾನೆ. ಅದೇ 'ಬಸ್' ಎಂಬುದು ಅಜ್ಜಿಯ ಬಾಯಲ್ಲಿ 'ಸಾಕು' ಎಂದಾಗುತ್ತದೆ. ಮರಿಯು ಮಿಕಿಮಿಕಿ ನೋಡುತ್ತ ನಿಲ್ಲುತ್ತದೆ. ನಾವು ಅದನ್ನು ದಡ್ಡ ಎನ್ನುತ್ತೇವೆ! ಮನೆಯವರೆಲ್ಲರೂ ಮೊದಲು ಕೂಡಿ ಶಬ್ದಗಳನ್ನು ನಿಶ್ಚಯಿಸಬೇಕು.

ಕುಳ್ಳಿರಿಸುವ ಪಾಠವು ಸುಲಭ. ರೊಟ್ಟಿಯ ಚೂರನ್ನು ಮರಿಯ ಮೂಗಿನ ಮುಂದೆ ಹಿಡಿದು, ಮೆಲ್ಲನೆ ತಲೆಯ ಮೇಲಿಂದ ಹಿಂದಕ್ಕೆ ಒಯ್ಯಿರಿ. ತಲೆ ಮೇಲೆತ್ತಿದಂತೆ ಅದು ತಾನಾಗಿ ಕುಳಿತುಕೊಳ್ಳುತ್ತದೆ. ಆ ಕ್ಷಣವೇ 'ಶಾಬಾಸ್' ಎಂದು ಚೂರನ್ನು ಕೊಡಿರಿ. ಕುಳಿತುಕೊಳ್ಳುವದು ರೂಢಿಯಾದ ಮೇಲೆ ಆಜ್ಞೆಯ ಶಬ್ದವನ್ನು ಸೇರಿಸಿರಿ. ಒಮ್ಮೆಗೆ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ ಸಾಕು. ಮೈಮೇಲೆ ಹಾರಿದರೆ ಮುಖ ತಿರುಗಿಸಿ ನಿಲ್ಲಿರಿ; ನಾಲ್ಕೂ ಕಾಲು ನೆಲಕ್ಕಿಟ್ಟಾಗ ಮುದ್ದಿಸಿರಿ. ಕೈ ಕಚ್ಚತೊಡಗಿದರೆ ಆಟ ನಿಲ್ಲಿಸಿ, ಕಚ್ಚಲು ಬೇರೆ ವಸ್ತುವನ್ನು ಕೊಡಿರಿ. ನಿದ್ದೆಯಿಂದೆದ್ದೊಡನೆ ಮತ್ತು ಉಂಡೊಡನೆ ಹೊರಗೆ ಕರೆದೊಯ್ದರೆ ಮನೆಯೊಳಗೆ ಹೊಲಸು ಮಾಡುವ ರೂಢಿ ತಪ್ಪುತ್ತದೆ.

'ಬಾ' ಎಂಬ ಪಾಠದಲ್ಲಿ ನಾವೇ ತಪ್ಪಿದೆವು. ಒಂದು ಸಂಜೆ ನಮ್ಮ ಮರಿಯು ಎಷ್ಟು ಕರೆದರೂ ಬಾರದೆ, ಬಹಳ ಹೊತ್ತಿನ ಮೇಲೆ ಬಂದಿತು. ಸಿಟ್ಟಿನಿಂದ ಒಂದೇಟು ಕೊಟ್ಟೆವು. ಮರುದಿನ 'ಬಾ' ಎಂದೊಡನೆ ಅದು ಹೊರಸಿನ ಕೆಳಗೆ ಅಡಗಿತು. ತಡಮಾಡಿದ್ದಕ್ಕೆ ಹೊಡೆದೆವೆಂದು ನಾವು ತಿಳಿದಿದ್ದೆವು. ಬಂದುದಕ್ಕೇ ಹೊಡೆದರೆಂದು ಅದು ತಿಳಿದಿತ್ತು. ಆ ಒಂದು ಏಟನ್ನು ಅಳಿಸಲು ಎರಡು ತಿಂಗಳು ಹಿಡಿಯಿತು.

ಮಕ್ಕಳೇ, ಉಣ್ಣುವ ಇಲ್ಲವೆ ಮಲಗಿದ ನಾಯಿಯನ್ನು ಮುಟ್ಟದಿರಿ. ಪಾಲಕರು ಮೂರು ತಿಂಗಳಾದ ಮರಿಗೆ ಹುಚ್ಚುನಾಯಿ ರೋಗದ ಲಸಿಕೆಯನ್ನು ತಪ್ಪದೆ ಹಾಕಿಸಬೇಕು. ಯಾವ ನಾಯಿಯೇ ಕಚ್ಚಲಿ, ಪರಚಲಿ, ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ಕೂಡಲೇ ವೈದ್ಯರಲ್ಲಿಗೆ ಹೋಗತಕ್ಕದ್ದು.

ಮರಿಗೆ ಕಲಿಸಹೋಗಿ ನಾವು ಕಲಿತುದೂ ಉಂಟು. ಅಂದಿನಿಂದ ಶಾಲೆಗೆ ತಡವಾಗಿ ಬಂದ ಬಾಲಕನನ್ನು ಮೊದಲು ಒಳಗೆ ಕರೆದು ಕೂಡಿಸುತ್ತೇವೆ. ಕಾರಣವನ್ನು ಅನಂತರ ಕೇಳುತ್ತೇವೆ.