ನಾಲ್ಕು ಗಂಟೆಯ ಹಸಿವು

ಪ್ರಶ್ನೆ: ನಾವಿರುವುದು ಯಲಹಂಕ ಉಪನಗರದಲ್ಲಿ, ನನ್ನ ಕೆಲಸ ಆರ್.ಟಿ. ನಗರದಲ್ಲಿ. ಹೆಬ್ಬಾಳದ ಫ್ಲೈಓವರ್ ದಾಟಿ ಮನೆ ಸೇರುವಷ್ಟರಲ್ಲಿ ಏಳು ಗಂಟೆ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ನಾಲ್ಕು. ಶಾಲೆಯಿಂದ ಬಂದ ಕೂಡಲೇ ಇಬ್ಬರೂ ಗಲಾಟೆ ಮಾಡುತ್ತಾರೆಂದು ಅತ್ತೆ ಕೆಳಗಿನ ಅಂಗಡಿಯಿಂದ ಹತ್ತು ರೂಪಾಯಿಯ ಚಿಪ್ಸ್ ಪ್ಯಾಕೆಟ್ ಕೊಡಿಸುತ್ತಾರೆ. ರಾತ್ರಿ ಊಟ ಅರ್ಧಕ್ಕೇ ನಿಲ್ಲುತ್ತದೆ. ಒಳ್ಳೆಯದೆಂದು ಆನ್‌ಲೈನ್‌ನಲ್ಲಿ ಸಿರಿಧಾನ್ಯದ ಕುಕೀಸ್ ತರಿಸಿದೆ. ದುಬಾರಿ, ಮೇಲಾಗಿ ಮಕ್ಕಳು ಮುಟ್ಟಲೂ ಇಲ್ಲ. ನಾನು ಕೆಲಸಕ್ಕೆ ಹೋಗುವುದೇ ತಪ್ಪೇನೋ ಅನ್ನಿಸುತ್ತಿದೆ. ಪ್ಯಾಕೆಟ್ ಪೂರ್ತಿ ನಿಲ್ಲಿಸಿಬಿಡಲೇ?
– ಹೆಸರು ಬೇಡ, ಯಲಹಂಕ

ಉತ್ತರ: ಕೆಲಸದ ಮಾತನ್ನು ಮೊದಲು ಪಕ್ಕಕ್ಕಿಡಿ. ನೀವು ಮನೆಯಲ್ಲೇ ಇದ್ದಿದ್ದರೂ ನಾಲ್ಕು ಗಂಟೆಗೆ ಮಕ್ಕಳಿಗೆ ಹಸಿವಾಗುತ್ತಿತ್ತು, ಕೆಳಗಿನ ಅಂಗಡಿಯೂ ತೆರೆದೇ ಇರುತ್ತಿತ್ತು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಅತ್ತೆ. ಆ ಹೊತ್ತಿನಲ್ಲಿ ಮನೆಯಲ್ಲಿರುವವರು ಅವರೊಬ್ಬರೇ. ಒಲೆಯ ಮುಂದೆ ನಿಂತರೆ ನಾಲ್ಕು ವರ್ಷದ ಹುಡುಗನ ಮೇಲೆ ಕಣ್ಣಿಡುವವರು ಯಾರು? ಹಾಗಾಗಿ ಅವರು ಪ್ಯಾಕೆಟ್ ಹರಿದುಕೊಟ್ಟಿದ್ದಾರೆ. ನೀವು ಯೂಟ್ಯೂಬ್ ನೋಡಿ ಎಷ್ಟೇ ಚೆಂದದ ತಿಂಡಿ ಕಲಿತರೂ, ಅದನ್ನು ಅವರು ಒಲೆ ಹಚ್ಚದೆ ಐದು ನಿಮಿಷದಲ್ಲಿ ಕೊಡುವಂತಿಲ್ಲದಿದ್ದರೆ ಬುಧವಾರದ ಹೊತ್ತಿಗೆ ಪ್ಯಾಕೆಟ್ ವಾಪಸ್ ಬರುತ್ತದೆ. ಆದ್ದರಿಂದ ಅವರಿಗೆ ಪಟ್ಟಿ ಬರೆದುಕೊಡಬೇಡಿ. 'ಇವರ ಅಪ್ಪ ಚಿಕ್ಕವರಿದ್ದಾಗ ಸಂಜೆ ಏನು ಕೊಡ್ತಿದ್ರಿ?' ಅಂತ ಕೇಳಿ.

ಬೆಂಗಳೂರು, ಕೋಲಾರ, ತುಮಕೂರು ಸೀಮೆಯವರಾದರೆ ಅವರ ಬಾಯಲ್ಲಿ ಹುರಿಹಿಟ್ಟಿನ ಹೆಸರು ಬಂದೀತು. ರಾಗಿಗೆ ನೀರು ಚಿಮುಕಿಸಿ, ಕೆಲವು ಗಂಟೆ ಬಿಟ್ಟು, ಕಾದ ಬಾಣಲೆಯಲ್ಲಿ ಹುರಿದರೆ ಅರಳುತ್ತದೆ. ಅದನ್ನು ಬೀಸಿ ಜರಡಿ ಹಿಡಿದರೆ ಮನೆಯೆಲ್ಲಾ ಘಮ. ಭಾನುವಾರ ಒಮ್ಮೆ ಮಾಡಿ ಡಬ್ಬಿಗೆ ತುಂಬಿ, ಅಥವಾ ಅಂಗಡಿಯಿಂದಲೇ ತನ್ನಿ. ಮತ್ತೆ ಬೇಯಿಸುವ ಗೊಡವೆಯಿಲ್ಲ. ಹಿಟ್ಟು, ತುರಿದ ಕೊಬ್ಬರಿ, ಸ್ವಲ್ಪ ಬೆಲ್ಲದ ಪುಡಿ, ಒಂದು ಚಮಚ ತುಪ್ಪ, ಮೇಲೆ ಒಂದಿಷ್ಟು ಹಾಲು ಹಾಕಿ ತಟ್ಟೆಯನ್ನು ಮಕ್ಕಳ ಮುಂದಿಡಿ, ಉಂಡೆ ಅವರೇ ಕಟ್ಟಲಿ. ಸೊಟ್ಟಗಾದರೆ ಆಗಲಿ, ನೆಲಕ್ಕೆ ಚೆಲ್ಲಿದರೆ ಚೆಲ್ಲಲಿ. ತಾನೇ ಕಟ್ಟಿದ ಉಂಡೆಯನ್ನು ಬೇಡವೆನ್ನುವ ಮಗು ಕಡಿಮೆ.

ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ತೂಕಕ್ಕೆ ತೂಕ ಹಿಡಿದರೆ ಹಾಲಿನ ಎರಡೂವರೆ ಪಟ್ಟು ದಾಟುತ್ತದೆ. ಅಷ್ಟೂ ಮೈಗೆ ಹತ್ತುವುದಿಲ್ಲ, ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಒಂದಿಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ರಾಗಿ ಬಂತೆಂದು ಹಾಲು ನಿಲ್ಲಿಸಬೇಡಿ. ನಿಮ್ಮ ಮನೆಯಿಂದ ಸ್ವಲ್ಪ ದೂರದ ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲೇ ಜಿಪಿಯು-28ರಂಥ ರಾಗಿ ತಳಿ ರೂಪುಗೊಂಡದ್ದು. ಅಲ್ಲಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ, ಕೃಷಿ ಮೇಳ ನಡೆಯುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ. ತೆನೆ ನೋಡಿ ಬಂದ ಮಗಳು ಉಂಡೆಯ ಬಗ್ಗೆ ತಮ್ಮನಿಗೆ ಪಾಠ ಮಾಡುತ್ತಾಳೆ, ನಿಮ್ಮ ಕೆಲಸ ಉಳಿಯಿತು.

ಇನ್ನು ಆ ಕುಕೀಸ್. ಪ್ಯಾಕೆಟ್ಟಿನ ಮುಂಭಾಗ ಬಿಡಿ, ಹಿಂಭಾಗ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರಬೇಕೆಂಬುದು ನಿಯಮ. ಮೊದಲ ಮೂರು ಹೆಸರು ಮೈದಾ, ಸಕ್ಕರೆ, ತಾಳೆ ಎಣ್ಣೆ ಆಗಿದ್ದರೆ ಮುಂದೆ ಎಷ್ಟೇ ದೊಡ್ಡದಾಗಿ ರಾಗಿ ತೆನೆ ಬರೆದಿದ್ದರೂ ನೀವು ಕೊಂಡದ್ದು ಮೈದಾ ಬಿಸ್ಕತ್ತನ್ನೇ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಮಾರಾಟಗಾರರಿಗೆ, ಪೇಯಗಳನ್ನು 'ಹೆಲ್ತ್ ಡ್ರಿಂಕ್' ಎಂಬ ವಿಭಾಗದಿಂದ ತೆಗೆಯುವಂತೆ ಸೂಚಿಸಬೇಕಾಗಿ ಬಂತು. ಹೆಸರಿನ ಮೇಲೆ ದುಡ್ಡು ಸುರಿದವರು ನೀವೊಬ್ಬರೇ ಅಲ್ಲ. (ಬೆಲ್ಲವೂ ಸಕ್ಕರೆಯ ಅಣ್ಣನೇ. 'ಬೆಲ್ಲ ತಾನೇ' ಎಂದು ಕೈಬಿಟ್ಟು ಹಾಕಬೇಡಿ.)

ಹುರಿಹಿಟ್ಟು ದಿನಾ ನಡೆಯುವುದಿಲ್ಲ, ನನಗೂ ಗೊತ್ತು. ಮಕ್ಕಳಿಗೆ ಚಿಪ್ಸ್‌ನಲ್ಲಿ ಬೇಕಾದದ್ದು ಉಪ್ಪು, ಖಾರ, ಅದಕ್ಕಿಂತ ಹೆಚ್ಚಾಗಿ ಕರುಂ ಕುರುಂ ಸದ್ದು. ಆ ಸದ್ದನ್ನು ಕಡ್ಲೆಪುರಿ ಕೊಡುತ್ತದೆ. ಬರೀ ಪುರಿಯಲ್ಲಿ ಗಾಳಿಯೇ ಜಾಸ್ತಿ, ಹೊಟ್ಟೆಗೆ ನಿಲ್ಲುವುದು ಜೊತೆಗಿರುವ ಹುರಿಗಡಲೆ, ಕಡಲೆಬೀಜ. ಇವೆರಡರಲ್ಲೂ ನೂರು ಗ್ರಾಂಗೆ ಇಪ್ಪತ್ತು ಗ್ರಾಂ ಮೀರಿದ ಪ್ರೋಟೀನ್ ಇದೆ. ಮೂರು ಡಬ್ಬಿಗಳನ್ನು ಮಗಳ ಕೈಗೆಟುಕುವ ಕಡೆ ಇಡಿ. ಈರುಳ್ಳಿ, ಟೊಮ್ಯಾಟೊ ಬೆಳಿಗ್ಗೆಯೇ ಹೆಚ್ಚಿ ಫ್ರಿಜ್‌ನಲ್ಲಿಟ್ಟು ಹೋಗಿ. ಕ್ಯಾರೆಟ್ ತುರಿ, ಕೊತ್ತಂಬರಿ ಸೊಪ್ಪು, ಒಂದು ಹನಿ ಎಣ್ಣೆ, ಚಿಟಿಕೆ ಖಾರದ ಪುಡಿ ಹಾಕಿ ಮಗಳು ಅಜ್ಜಿಗೆ ಚುರುಮುರಿ ಕಲಸಿಕೊಡಲಿ. ನಿಂಬೆರಸ ಮರೆಯಬೇಡಿ, ಅದರ ಸಿ ವಿಟಮಿನ್ ಕಾಳುಗಳಲ್ಲಿರುವ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ. ಮಗನ ವಿಷಯದಲ್ಲಿ ಮಾತ್ರ ಎಚ್ಚರ: ಐದು ವರ್ಷ ತುಂಬುವವರೆಗೆ ಇಡೀ ಕಡಲೆಬೀಜ, ಇಡೀ ಹುರಿಗಡಲೆ ಕೊಡಬೇಡಿ, ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯವಿದೆ. ಎರಡನ್ನೂ ಪುಡಿ ಮಾಡಿ ಅವನ ಬಟ್ಟಲಿಗೆ ಉದುರಿಸಿ, ಕೂತು ತಿನ್ನಿಸಿ, ಓಡುತ್ತಾ ತಿನ್ನುವುದು ಬೇಡ.

ಈ ಸಾಮಾನನ್ನು ಪಕ್ಕದ ಮನೆಯವರೊಂದಿಗೆ ಸೇರಿ ತಿಂಗಳಿಗೊಮ್ಮೆ ಯಶವಂತಪುರದ ಎಪಿಎಂಸಿ ಯಾರ್ಡಿನಿಂದ ತಂದು ಹಂಚಿಕೊಂಡರೆ ಇನ್ನೂ ಅಗ್ಗ. ಉಳಿದಂತೆ ಋತು ನೋಡಿಕೊಳ್ಳಿ. ಚಳಿಗಾಲದಲ್ಲಿ ಸೊಗಡಿನ ಅವರೆಕಾಯಿ ಬೇಯಿಸಿ ಉಪ್ಪು ಹಾಕಿಟ್ಟರೆ ಬಿಡಿಸಿ ತಿನ್ನುವುದೇ ಒಂದು ಆಟ. ಸೀಬೆಹಣ್ಣು, ಬೇಯಿಸಿದ ಗೆಣಸು, ಹೆಸರುಕಾಳಿನ ಉಸ್ಲಿ, ಬೆಳಗಿನ ಇಡ್ಲಿ ಉಳಿದಿದ್ದರೆ ಪುಡಿ ಮಾಡಿ ಒಗ್ಗರಣೆ. ಒಗ್ಗರಣೆ ಕೆಲಸ ನೀವು ಮನೆಯಲ್ಲಿರುವ ದಿನಕ್ಕೆ.

ಇಷ್ಟಾದರೂ ಮಕ್ಕಳು ಮುಖ ತಿರುಗಿಸಬಹುದು. ಹೊಸ ರುಚಿಗೆ ಮಗು ಒಗ್ಗಬೇಕಾದರೆ ಎಷ್ಟೋ ಸಲ ಎಂಟು-ಹತ್ತು ಬಾರಿ ಎದುರಿಗೆ ಬರಬೇಕು. ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಪೋಷಕರಿಗೆ ಹೇಳುವ ಒಂದು ಹಂಚಿಕೆ ನಮ್ಮ ಮನೆಗಳಿಗೂ ಒಗ್ಗುತ್ತದೆ: ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರದು. ತಿನ್ನಬೇಕೋ ಬೇಡವೋ, ಎಷ್ಟು ಎಂಬುದು ಮಗುವಿನದು. 'ಇನ್ನೊಂದೇ ತುತ್ತು' ಎಂಬ ಜಗ್ಗಾಟ ನಮ್ಮಲ್ಲಿ ಪ್ರೀತಿಯ ಲೆಕ್ಕಕ್ಕೆ ಬರುವುದರಿಂದ ಅತ್ತೆಗೆ ಇದು ಕಷ್ಟವಾದೀತು, ನಿಮಗೂ. ಐದು ಗಂಟೆಯೊಳಗೆ ತಿಂಡಿ ಮುಗಿಯಲಿ, ಆಮೇಲೆ ಊಟದವರೆಗೆ ನೀರು ಮಾತ್ರ. ರಾತ್ರಿಯ ತಟ್ಟೆ ಎಷ್ಟೋ ಸಲ ಇದರಿಂದಲೇ ಖಾಲಿಯಾಗುತ್ತದೆ.

ಪ್ಯಾಕೆಟ್ ಪೂರ್ತಿ ನಿಲ್ಲಿಸಬೇಡಿ. ನಿಷೇಧ ಹಾಕಿದ ದಿನದಿಂದ ಅದರ ಬೆಲೆ ಏರುತ್ತದೆ, ಮಗಳು ಗೆಳತಿಯ ಮನೆಯಲ್ಲಿ ಎರಡರಷ್ಟು ತಿಂದು ಬರುತ್ತಾಳೆ. ವಾರಕ್ಕೊಂದು ದಿನ, ಅದೂ ಮಕ್ಕಳೇ ಆರಿಸಿದ ದಿನ, ಇಬ್ಬರಿಗೂ ಸೇರಿ ಒಂದು ಪ್ಯಾಕೆಟ್, ಬಟ್ಟಲಿಗೆ ಸುರಿದು. ಆ ದಿನ ಉಪದೇಶ ಬೇಡ.

ಒಂದೆರಡು ತಿಂಗಳಾದ ಮೇಲೂ ಊಟ ಅರ್ಧಕ್ಕೇ ನಿಂತರೆ, ಮಗಳು ಬೇಗ ದಣಿಯುತ್ತಿದ್ದರೆ, ಮುಖ ಬಿಳಿಚಿಕೊಂಡಿದ್ದರೆ ಅಥವಾ ತೂಕ ಏರದಿದ್ದರೆ ಮಕ್ಕಳ ವೈದ್ಯರ ಬಳಿ ಕರೆದೊಯ್ದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.