ಜಲಗಾಲನವೂ ಜಠರದ ಸೂಕ್ಷ್ಮಾಣುವೂ

ಶ್ರಾವಕರ ಮನೆಯ ಮಕ್ಕಳು ಅಕ್ಷರಾಭ್ಯಾಸಕ್ಕೆ ಮೊದಲೇ ಕಲಿಯುವ ಆಚಾರವೆಂದರೆ ನೀರನ್ನು ಸೋಸಿ ಕುಡಿಯುವುದು. ಎರಡು ಪದರಾಗಿ ಮಡಿಸಿದ ದಪ್ಪ ಬಟ್ಟೆಯಲ್ಲಿ ಸೋಸಿದ ನೀರಿನಿಂದ ರೋಗವೂ ಬಾರದೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಜಠರದ ಕ್ಯಾನ್ಸರಿನ ವಿಷಯದಲ್ಲಿ ಈ ನಂಬಿಕೆ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಜಿಜ್ಞಾಸುಗಳು ವಿಚಾರ ಮಾಡಬೇಕು.

ಜಠರದ ತೀಕ್ಷ್ಣವಾದ ಆಮ್ಲದಲ್ಲಿ ಯಾವ ಸೂಕ್ಷ್ಮಾಣುವೂ ನೆಲೆಸಲಾರದೆಂದು ವೈದ್ಯರು ಬಹುಕಾಲ ತಿಳಿದಿದ್ದರು. 1982ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರು ಸುರುಳಿಯಾಕಾರದ ಒಂದು ಸೂಕ್ಷ್ಮಾಣುವನ್ನು ರೋಗಿಗಳ ಜಠರದಿಂದ ತೆಗೆದು ಬೆಳೆಸಿ ತೋರಿಸಿದರು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬುದು ಅದರ ಹೆಸರು. ಅದು ತನ್ನ ಸುತ್ತಲೂ ಅಮೋನಿಯವನ್ನು ಉತ್ಪಾದಿಸಿ ಆಮ್ಲದ ಉಗ್ರತೆಯನ್ನು ತಗ್ಗಿಸಿಕೊಳ್ಳುತ್ತದೆ. ಬಾಲ್ಯದಲ್ಲಿ ಹೊಕ್ಕಿತೆಂದರೆ ಚಿಕಿತ್ಸೆಯಿಲ್ಲದೆ ಸಾಮಾನ್ಯವಾಗಿ ಹೋಗುವುದಿಲ್ಲ. ಜಠರದ ಒಳಪೊರೆ ಉರಿಯೂತಗೊಂಡು ದಶಕಗಳ ಕಾಲ ಸವೆಯುತ್ತದೆ. ಕೆಲವರಿಗೆ ಹುಣ್ಣಾಗುತ್ತದೆ, ಕೆಲವರಿಗೆ ಕ್ಯಾನ್ಸರ್ ಆಗುತ್ತದೆ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ಅಂಗವು ಇದನ್ನು ಮನುಷ್ಯರಲ್ಲಿ ನಿಶ್ಚಿತವಾಗಿ ಕ್ಯಾನ್ಸರ್ ಉಂಟುಮಾಡುವ ಕಾರಣಗಳ ಸಾಲಿಗೆ ಸೇರಿಸಿತು. ಸೋಂಕುಳ್ಳವರಲ್ಲಿ ಬಹುಮಂದಿಗೆ ಕ್ಯಾನ್ಸರ್ ಬರುವುದಿಲ್ಲವೆಂಬುದನ್ನೂ ಕೂಡಲೇ ಹೇಳಬೇಕು. ಭಯಪಡಿಸುವುದು ಈ ಪಾಠದ ಉದ್ದೇಶವಲ್ಲ.

ಇದು ನೀರಿನಿಂದ ಬರುವುದೇ? ಪೆರು ದೇಶದ ಲೀಮಾ ನಗರದ 407 ಮಕ್ಕಳನ್ನು ಪರೀಕ್ಷಿಸಿದ ವರದಿಯೊಂದು 1991ರಲ್ಲಿ ಪ್ರಕಟವಾಯಿತು. ನೂರಕ್ಕೆ 48 ಮಕ್ಕಳಲ್ಲಿ ಸೋಂಕಿತ್ತು. ಅನುಕೂಲಸ್ಥರ ಮನೆಗಳನ್ನಷ್ಟೇ ನೋಡಿದರೂ, ನಗರದ ಕೊಳಾಯಿ ನೀರು ಕುಡಿಯುವ ಮಕ್ಕಳಿಗೆ ಸಮುದಾಯದ ಬಾವಿಯ ನೀರು ಕುಡಿಯುವವರಿಗಿಂತ ಸೋಂಕಿನ ಸಂಭವ 12 ಪಟ್ಟು ಹೆಚ್ಚಾಗಿತ್ತು. ಸಿರಿತನ ಕಾಪಾಡಲಿಲ್ಲ. ಮುಂದೆ ಆ ನಗರದ ನೀರಿನಲ್ಲಿ ಈ ಸೂಕ್ಷ್ಮಾಣುವಿನ ವಂಶದ್ರವ್ಯದ ಕುರುಹೂ ದೊರೆಯಿತು. ಆದರೆ ಕುರುಹು ಕಂಡ ಮಾತ್ರಕ್ಕೆ ಅದು ಜೀವಂತವಾಗಿದ್ದಿತೆನ್ನಲಾಗದು. ಮನೆಯೊಳಗೆ ಒಬ್ಬರಿಂದ ಒಬ್ಬರಿಗೆ, ವಿಶೇಷವಾಗಿ ತಾಯಿಯಿಂದ ಶಿಶುವಿಗೆ ಹರಡುವುದೇ ಮುಖ್ಯ ಮಾರ್ಗ. ನೀರು ಮತ್ತೊಂದು ಸಂಭವನೀಯ ಮಾರ್ಗ.

ಇನ್ನು ನಮ್ಮ ಬಟ್ಟೆಯ ವಿಚಾರ. ಈ ಸೂಕ್ಷ್ಮಾಣುವಿನ ಉದ್ದ ಮಿಲಿಮೀಟರಿನ ಸಾವಿರ ಭಾಗದಲ್ಲಿ ಸುಮಾರು ಮೂರು ಭಾಗ. ಬಟ್ಟೆಯ ರಂಧ್ರ ಅದಕ್ಕೆ ಹೆಬ್ಬಾಗಿಲು! ಜಲಗಾಲನವು ತ್ರಸಜೀವಿಗಳ ರಕ್ಷಣೆಗಾಗಿ ವಿಧಿಸಿದ ಆಚಾರ, ವೈದ್ಯವಲ್ಲ. ನಮ್ಮ ಪೂರ್ವಿಕರಿಗೆ ಈ ರೋಗಾಣು ತಿಳಿದಿತ್ತೆಂದು ಬರೆಯುವ ಉತ್ಸಾಹಿಗಳಿದ್ದಾರೆ, ನಾನು ಒಪ್ಪಲಾರೆ. ಸೋಸಿದ ನೀರನ್ನು ಚೆನ್ನಾಗಿ ಕುದಿಸಿದರೆ ಈ ಅಪಾಯ ಉಳಿಯದು. ಉಗುರುಬೆಚ್ಚಗೆ ಮಾಡಿದರೆ ಸಾಲದು. ಆರಿದ ಮೇಲೆ ಮುಚ್ಚಿಡಬೇಕು, ಕೈ ಅದ್ದಬಾರದು.

ಪರ್ವದಿನಗಳ ಉಪವಾಸದಲ್ಲಿ ನನಗೆ ಹೊಟ್ಟೆಯುರಿ ಕಾಣಿಸುತ್ತಿತ್ತು. ಅದನ್ನು ತಪಸ್ಸಿನ ಭಾಗವೆಂದೆಣಿಸಿ ಹಲವು ವರ್ಷ ಮನೆಯವರಿಗೂ ತಿಳಿಸಲಿಲ್ಲ. ಅದು ಅಜ್ಞಾನ. ಉಪವಾಸವು ಈ ಸೋಂಕನ್ನು ತರುವುದೂ ಇಲ್ಲ, ಕಳೆಯುವುದೂ ಇಲ್ಲ. ಮಲ ಕಪ್ಪಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ತೊಡಕು, ಪದೇ ಪದೇ ವಾಂತಿ, ಇವು ಕಂಡರೆ ಪಾರಣೆಯವರೆಗೆ ಕಾಯದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಸೋಂಕನ್ನು ಉಸಿರಿನ ಪರೀಕ್ಷೆಯಿಂದ ತಿಳಿಯಬಹುದು. ಅದಕ್ಕೆ ಕೆಲವು ಗಂಟೆ ನಿರಾಹಾರವಾಗಿರಬೇಕು, ನಮಗದು ಕಷ್ಟವೇ? ಔಷಧ ಸಾಮಾನ್ಯವಾಗಿ 14 ದಿನ. ರಾತ್ರಿಭೋಜನತ್ಯಾಗಿಗಳು ಸಂಜೆಯ ಮಾತ್ರೆಯನ್ನು ತಾವಾಗಿಯೇ ಬಿಡಬಾರದು. ಹಾಗೆ ಬಿಟ್ಟರೆ ಉಳಿದ ಸೂಕ್ಷ್ಮಾಣು ಔಷಧಕ್ಕೆ ಮಣಿಯದಂತಾಗಬಹುದು. ವೇಳೆಯನ್ನು ವೈದ್ಯರೊಡನೆ ಮೊದಲೇ ಗೊತ್ತುಮಾಡಿಕೊಳ್ಳಬೇಕು. ನಾನೂ ಹಾಗೆ ಕೇಳಿದೆ. ಅವರು ಸೂರ್ಯಾಸ್ತಕ್ಕೆ ಮೊದಲು ಹೊಂದುವಂತೆ ವೇಳೆ ಬರೆದುಕೊಟ್ಟು, ನನ್ನ ಪತ್ನಿಗೂ ಪರೀಕ್ಷೆಯಾಗಲೆಂದರು. ಆಕೆಯಲ್ಲಿಯೂ ಸೋಂಕಿತ್ತು.