ಅಂಗಡಿಯ ಗಣಕಯಂತ್ರ: ಸಿದ್ಧವಾದುದನ್ನು ಕೊಳ್ಳುವುದೋ, ಜೋಡಿಸಿಕೊಳ್ಳುವುದೋ?

ಹುಣಸೂರಿನಿಂದ ನಾಗರಹೊಳೆಯ ಕಡೆಗೆ ಸಾಗುವ ದಾರಿಯಲ್ಲಿ, ಕಾಡಿನ ಅಂಚಿನಲ್ಲಿರುವ ಊರು ವೀರನಹೊಸಹಳ್ಳಿ. ಇಲ್ಲಿಯ ಹಾಗೂ ಸುತ್ತಲಿನ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ತಾಲ್ಲೂಕುಗಳ ವರ್ತಕರಿಗೆ ಗಣಕಯಂತ್ರವು ಈಗ ತಕ್ಕಡಿಯಷ್ಟೇ ಅವಶ್ಯಕವಾದ ಸಾಧನವಾಗಿದೆ. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ (ಜಿ.ಎಸ್.ಟಿ.) ಜಾರಿಗೆ ಬಂದಿತು. 2018ರ ಏಪ್ರಿಲ್ 1ರಿಂದ ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ ಅನ್ವಯವಾಯಿತು. ಗೊಬ್ಬರದ ಅಂಗಡಿ, ಶುಂಠಿ ಮಂಡಿ, ಅಕ್ಕಿ ಗಿರಣಿ, ಹೋಂಸ್ಟೇ ಯಾವುದೇ ಆಗಲಿ, ಯಂತ್ರ ಕೆಟ್ಟು ನಿಂತರೆ ಬಿಲ್ಲೂ ನಿಲ್ಲುತ್ತದೆ, ಲಾರಿಯೂ ನಿಲ್ಲುತ್ತದೆ.

ಆದುದರಿಂದ ಪ್ರಸಿದ್ಧ ಕಂಪನಿಯ ಸಿದ್ಧ ಯಂತ್ರವನ್ನು ಕೊಳ್ಳಬೇಕೋ, ಬಿಡಿಭಾಗಗಳನ್ನು ತಂದು ಅಸೆಂಬಲ್ ಮಾಡಿಸಬೇಕೋ ಎಂಬ ಪ್ರಶ್ನೆಯನ್ನು ಬೆಲೆಯೊಂದರಿಂದಲೇ ತೀರ್ಮಾನಿಸಲಾಗದು. ಯಂತ್ರವು ನಿಂತ ದಿನ ಅದು ಎಷ್ಟು ಬೇಗ ಮತ್ತೆ ನಡೆಯಬಲ್ಲದು ಎಂಬುದೇ ಇಲ್ಲಿ ಮುಖ್ಯವಾದ ಅಳತೆಗೋಲು.

ಹಳೆಯ ಲೆಕ್ಕ ಬದಲಾಗಿದೆ

ಒಂದು ಕಾಲಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತಂದು ಜೋಡಿಸಿದರೆ ಗಣನೀಯ ಉಳಿತಾಯವಾಗುತ್ತಿತ್ತು. ಮಾಹಿತಿ ತಂತ್ರಜ್ಞಾನ ಉತ್ಪನ್ನಗಳ ಕುರಿತ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತವು 1997ರಲ್ಲಿ ಸೇರಿ, 2005ರ ವೇಳೆಗೆ ಆ ವಸ್ತುಗಳ ಮೇಲಿನ ಆಮದು ಸುಂಕವನ್ನು ಹಂತಹಂತವಾಗಿ ತೆಗೆದುಹಾಕಿತು. ಸಗಟಾಗಿ ಭಾಗಗಳನ್ನು ಕೊಳ್ಳುವ ದೊಡ್ಡ ಕಂಪನಿಗಳೊಡನೆ ಬಿಡಿಯಾಗಿ ಕೊಳ್ಳುವವರು ಬೆಲೆಯಲ್ಲಿ ಸ್ಪರ್ಧಿಸುವುದು ಕ್ರಮೇಣ ಕಷ್ಟವಾಯಿತು. ಸಾಧಾರಣ ಕಚೇರಿ ಕೆಲಸದ ಯಂತ್ರದಲ್ಲಿ ಇಂದು ಅಂತರ ಅಲ್ಪ. ಅದೂ ಅಲ್ಲದೆ 2025ರ ಕೊನೆಯ ತಿಂಗಳುಗಳಿಂದ ಮೆಮೊರಿ ಚಿಪ್ಪುಗಳ ಬೆಲೆ ತೀವ್ರವಾಗಿ ಏರಿದ್ದರಿಂದ, ಕಳೆದ ವರ್ಷ ನೆರೆಯವರು ಕೊಟ್ಟ ಬೆಲೆಯನ್ನು ಆಧಾರವಾಗಿಟ್ಟುಕೊಳ್ಳುವುದು ಸರಿಯಲ್ಲ. ದಿನಾಂಕ ನಮೂದಿಸಿದ ಹೊಸ ದರಪಟ್ಟಿಯನ್ನೇ ಪಡೆಯಬೇಕು.

ಬಿಲ್ಲಿಲ್ಲದ ಉಳಿತಾಯ ಉಳಿತಾಯವೇ?

ಒಂದು ಉದಾಹರಣೆಯನ್ನು ನೋಡೋಣ. ಕಂಪನಿಯ ಯಂತ್ರಕ್ಕೆ 45,000 ರೂಪಾಯಿ, ಅದರ ಮೇಲೆ ಶೇ. 18ರಂತೆ 8,100 ರೂಪಾಯಿ ಜಿ.ಎಸ್.ಟಿ. ಸೇರಿ 53,100 ರೂಪಾಯಿ ಎಂದಿಟ್ಟುಕೊಳ್ಳಿ. ಅಷ್ಟೇ ಸಾಮರ್ಥ್ಯದ ಅಸೆಂಬಲ್ಡ್ ಯಂತ್ರವನ್ನು ಬಿಲ್ಲಿಲ್ಲದೆ 44,000 ರೂಪಾಯಿಗೆ ಕೊಡುವುದಾಗಿ ಒಬ್ಬರು ಹೇಳುತ್ತಾರೆ. ಮೇಲ್ನೋಟಕ್ಕೆ 9,100 ರೂಪಾಯಿ ಲಾಭ. ಆದರೆ ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾದ ವರ್ತಕರಿಗೆ ಆ 8,100 ರೂಪಾಯಿ ಹೂಡುವಳಿ ತೆರಿಗೆ ಜಮೆಯಾಗಿ ಹಿಂದಿರುಗುತ್ತದೆ. ನಿಜವಾದ ಅಂತರ 1,000 ರೂಪಾಯಿ ಮಾತ್ರ.

ಇನ್ನು ಆದಾಯ ತೆರಿಗೆಯ ಲೆಕ್ಕ. ಗಣಕಯಂತ್ರಕ್ಕೆ ಶೇ. 40ರ ಸವಕಳಿ ದೊರೆಯುತ್ತದೆ. 45,000 ರೂಪಾಯಿಯ ಯಂತ್ರಕ್ಕೆ ಮೊದಲ ವರ್ಷವೇ 18,000 ರೂಪಾಯಿಯನ್ನು ವೆಚ್ಚವಾಗಿ ತೋರಿಸಬಹುದು. ಬಿಲ್ಲಿಲ್ಲದ ಯಂತ್ರಕ್ಕೆ ಈ ಸೌಲಭ್ಯವೂ ಇಲ್ಲ, ವಾರಂಟಿಯ ಆಧಾರವೂ ಇಲ್ಲ. ಹೂಡುವಳಿ ಜಮೆ ಪಡೆದ ತೆರಿಗೆಯ ಮೊತ್ತಕ್ಕೆ ಮತ್ತೆ ಸವಕಳಿ ಕೇಳುವಂತಿಲ್ಲವೆಂಬುದನ್ನು ಗಮನದಲ್ಲಿಡಬೇಕು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಹೂಡುವಳಿ ಜಮೆ ಇಲ್ಲವಾದ್ದರಿಂದ ಪೂರ್ತಿ 53,100 ರೂಪಾಯಿಯೇ ಅವರ ವೆಚ್ಚ. ಅಂದಾಜು ಆದಾಯದ ಮೇಲೆ ತೆರಿಗೆ ಕಟ್ಟುವವರಿಗೆ ಸವಕಳಿಯ ಪ್ರತ್ಯೇಕ ಕಡಿತ ಸಿಗದು. ತಮ್ಮ ಪದ್ಧತಿ ಯಾವುದೆಂದು ಲೆಕ್ಕಪರಿಶೋಧಕರಲ್ಲಿ ಖಚಿತಪಡಿಸಿಕೊಂಡು ಮುಂದುವರಿಯುವುದು ಒಳಿತು.

ಕೊಳ್ಳುವ ಕಾಲವೂ ಮುಖ್ಯ. ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ ಯಂತ್ರಕ್ಕೆ ಆ ವರ್ಷ ಅರ್ಧ ಸವಕಳಿ ಮಾತ್ರ. ಅಕ್ಟೋಬರ್ ಆರಂಭಕ್ಕೆ ಮುಂಚೆಯೇ ಕೊಂಡು ಬಳಕೆಗೆ ತಂದರೆ ಪೂರ್ಣ ಸವಕಳಿ ದೊರೆಯುತ್ತದೆ. ನಮ್ಮ ಭಾಗದಲ್ಲಿ ತಂಬಾಕು ಹರಾಜು ಬಿರುಸಾಗಿ, ಪೇಟೆಯಲ್ಲಿ ಹಣ ಓಡಾಡುವ ಕಾಲಕ್ಕೆ ಹೊಸ ಯಂತ್ರವು ಕೈಗೆ ಹೊಂದಿಕೊಂಡಿರುವುದೂ ಇದರಿಂದ ಸಾಧ್ಯ.

ವಾರಂಟಿ ಯಾರ ಬಾಗಿಲಿಗೆ ಬರುತ್ತದೆ?

ಕಂಪನಿಯ ಯಂತ್ರಕ್ಕೆ ಇಡಿಯಾಗಿ ಒಂದೇ ವಾರಂಟಿ ಇರುತ್ತದೆ. ದೋಷ ಯಾವ ಭಾಗದಲ್ಲಿದ್ದರೂ ಉತ್ತರಿಸಬೇಕಾದವರು ಒಬ್ಬರೇ. ಇದು ದೊಡ್ಡ ಅನುಕೂಲ. ಆದರೆ ‘ಸ್ಥಳದಲ್ಲೇ ಸೇವೆ’ ಎಂಬ ಮಾತು ಮೈಸೂರು ನಗರಕ್ಕೆ ಅನ್ವಯಿಸಿದ ಮಾತ್ರಕ್ಕೆ ವೀರನಹೊಸಹಳ್ಳಿಗೂ ಅನ್ವಯಿಸುತ್ತದೆಂದು ಭಾವಿಸಬಾರದು. ನಮ್ಮ ಪಿನ್‌ಕೋಡಿಗೆ ಆ ಸೇವೆ ಇದೆಯೇ, ಎಷ್ಟು ದಿನಗಳಲ್ಲಿ ಎಂಬುದನ್ನು ಹಣ ಕೊಡುವ ಮುನ್ನ ಬರಹದಲ್ಲಿ ಪಡೆಯಬೇಕು.

ಅಸೆಂಬಲ್ ಮಾಡಿಸಿದ ಯಂತ್ರದಲ್ಲಿ ಪ್ರತಿ ಭಾಗಕ್ಕೂ ಬೇರೆ ಬೇರೆ ವಾರಂಟಿ. ಪೆಟ್ಟಿಗೆಯಲ್ಲಿ ಬರುವ ಇಂಟೆಲ್ ಪ್ರೊಸೆಸರಿಗೆ ಸಾಮಾನ್ಯವಾಗಿ 3 ವರ್ಷ. ಮೆಮೊರಿಗೆ ಅದಕ್ಕಿಂತ ಹೆಚ್ಚೂ ಇರುವುದುಂಟು. ಆದರೆ ಕೆಟ್ಟ ಭಾಗ ಯಾವುದೆಂದು ಕಂಡುಹಿಡಿದು ಸೇವಾ ಕೇಂದ್ರಕ್ಕೆ ಒಯ್ಯುವ ಹೊಣೆ ನಮ್ಮದು ಅಥವಾ ಜೋಡಿಸಿಕೊಟ್ಟವರದು.

ಇದಕ್ಕೆ ಪ್ರತಿಯಾಗಿ ಒಂದು ಲಾಭವೂ ಉಂಟು. ಅಸೆಂಬಲ್ಡ್ ಯಂತ್ರಗಳಲ್ಲಿ ಎಸ್.ಎಂ.ಪಿ.ಎಸ್., ಮದರ್‌ಬೋರ್ಡ್, ಕ್ಯಾಬಿನೆಟ್ ಎಲ್ಲವೂ ಸರ್ವಮಾನ್ಯ ಅಳತೆಯವಾಗಿರುತ್ತವೆ. ಎಸ್.ಎಂ.ಪಿ.ಎಸ್. ಸುಟ್ಟುಹೋದರೆ ಹುಣಸೂರು ಪೇಟೆಯ ಮೆಕ್ಯಾನಿಕ್ ಬೇರೊಂದನ್ನು ಹಾಕಿ ಸಂಜೆಯೊಳಗೆ ಯಂತ್ರವನ್ನು ನಡೆಸಬಲ್ಲ. ಕಂಪನಿಗಳ ಸಣ್ಣ ಕ್ಯಾಬಿನೆಟ್ಟಿನ ಯಂತ್ರಗಳಲ್ಲಿ ಹಲವು ವೇಳೆ ಆಯಾ ಕಂಪನಿಯದೇ ಅಳತೆಯ ಭಾಗಗಳಿರುವುದರಿಂದ, ವಾರಂಟಿ ಮುಗಿದ ಬಳಿಕ ಬದಲಿ ಭಾಗಕ್ಕೆ ಕಾಯಬೇಕಾದೀತು.

ತಂತ್ರಾಂಶವನ್ನು ಮರೆಯಬಾರದು

ಸಿದ್ಧ ಯಂತ್ರದೊಡನೆ ಸಾಮಾನ್ಯವಾಗಿ ವಿಂಡೋಸ್ ಪರವಾನಗಿ ಸೇರಿರುತ್ತದೆ. ಜೋಡಿಸಿದ ಯಂತ್ರಕ್ಕೆ ಅದನ್ನು ಬೇರೆಯಾಗಿ ಕೊಳ್ಳಬೇಕು. ದರಗಳನ್ನು ಹೋಲಿಸುವಾಗ ಈ ಮೊತ್ತವನ್ನು ಕೂಡಿಸಲೇಬೇಕು. ಲೆಕ್ಕಪತ್ರಗಳಿಗೆ ಟ್ಯಾಲಿ ಬಳಸುವವರಿಗೆ ವಿಂಡೋಸ್ ಅನಿವಾರ್ಯ. ಕಳ್ಳ ಪ್ರತಿಯನ್ನು ಹಾಕಿಸಿಕೊಂಡು ವ್ಯಾಪಾರದ ಲೆಕ್ಕವನ್ನೆಲ್ಲ ವೈರಸ್ಸಿಗೆ ಒಪ್ಪಿಸುವುದು ಜಾಣತನವಲ್ಲ.

ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ಸೌಲಭ್ಯವೂ, ಇಂಟೆಲ್ ಆದರೆ ಬಹುಮಟ್ಟಿಗೆ 8ನೆಯ ಪೀಳಿಗೆಯ ಅಥವಾ ನಂತರದ ಪ್ರೊಸೆಸರೂ ಬೇಕು. ಅಗ್ಗವೆಂದು ಹಳೆಯ ಯಂತ್ರವನ್ನು ಕೊಳ್ಳುವವರು ಇದನ್ನು ಮೊದಲು ಪರಿಶೀಲಿಸಬೇಕು.

ಯಾರಿಗೆ ಯಾವುದು?

1. ಒಂದೇ ಯಂತ್ರದ ಮೇಲೆ ಇಡೀ ವ್ಯವಹಾರ ನಿಂತಿರುವ ಗೊಬ್ಬರ, ಶುಂಠಿ, ದಿನಸಿ ವರ್ತಕರು: ಸ್ಥಳದಲ್ಲೇ ಸೇವೆಯ ಭರವಸೆ ಬರಹದಲ್ಲಿ ದೊರೆತರೆ ಕಂಪನಿಯ ಯಂತ್ರ. ದೊರೆಯದಿದ್ದರೆ ಹತ್ತಿರದ ಪೇಟೆಯ ನಂಬಿಗಸ್ತ ಅಂಗಡಿಯಲ್ಲಿ ಬಿಲ್ಲಿನೊಡನೆ ಜೋಡಿಸಿದ ಯಂತ್ರ. ದೂರದ ಊರಿನಿಂದ ಐನೂರು ರೂಪಾಯಿ ಅಗ್ಗಕ್ಕೆ ತರುವುದಕ್ಕಿಂತ ಇದು ಮೇಲು.

2. ಹೋಂಸ್ಟೇ, ಸಣ್ಣ ಕಚೇರಿ: ಕೆಲಸ ಹಗುರವಾದ್ದರಿಂದ ಸಾಧಾರಣ ಸಿದ್ಧ ಯಂತ್ರ ಸಾಕು.

3. ಫೋಟೋ ಸ್ಟುಡಿಯೋ, ಮುದ್ರಣಾಲಯ, ಫ್ಲೆಕ್ಸ್ ವಿನ್ಯಾಸ: ಮೆಮೊರಿ, ಗ್ರಾಫಿಕ್ಸ್ ಕಾರ್ಡುಗಳನ್ನು ಕಾಲಕಾಲಕ್ಕೆ ಹೆಚ್ಚಿಸಿಕೊಳ್ಳಬೇಕಾದವರಿಗೆ ಜೋಡಿಸಿದ ಯಂತ್ರವೇ ಸೂಕ್ತ.

4. ಸ್ವತಃ ಜೋಡಿಸಬಯಸುವವರು: ಪ್ರೊಸೆಸರ್ ಮತ್ತು ಮದರ್‌ಬೋರ್ಡಿನ ಸಾಕೆಟ್ ಒಂದೇ ಆಗಿದೆಯೇ, ಮೆಮೊರಿ ಡಿ.ಡಿ.ಆರ್. 4 ಅಥವಾ 5 ಯಾವುದು, ಎಸ್.ಎಂ.ಪಿ.ಎಸ್. ವ್ಯಾಟೇಜ್ ಸಾಲುವುದೇ ಎಂಬುದನ್ನು ತಿಳಿದವರಿಗೆ ಇದು ಕಷ್ಟವಲ್ಲ. ಆದರೆ ಅಂಗಡಿಯ ಏಕೈಕ ಯಂತ್ರದ ಮೇಲೆ ಮೊದಲ ಪ್ರಯೋಗ ಬೇಡ.

ಎರಡರಲ್ಲಿ ಯಾವುದನ್ನು ಆರಿಸಿದರೂ ಎರಡು ವೆಚ್ಚಗಳನ್ನು ಬಿಡುವಂತಿಲ್ಲ. ಗುಡುಗು ಸಿಡಿಲು, ವಿದ್ಯುತ್ತಿನ ಏರಿಳಿತಗಳಿಂದ ರಕ್ಷಣೆಗೆ ಸರಿಯಾದ ಅರ್ಥಿಂಗ್ ಮತ್ತು ಯು.ಪಿ.ಎಸ್. ಒಂದು. ಲೆಕ್ಕಪತ್ರಗಳ ಪ್ರತಿಯನ್ನು ದಿನವೂ ತೆಗೆದಿಡಲು ಪ್ರತ್ಯೇಕ ಹಾರ್ಡ್ ಡಿಸ್ಕ್ ಇನ್ನೊಂದು. ಕೆಲಸ ಮುಗಿದೊಡನೆ ಅದನ್ನು ಯಂತ್ರದಿಂದ ಬಿಚ್ಚಿ ಬೇರೆಡೆ ಇಡಬೇಕು. ಯಂತ್ರ ಸುಟ್ಟರೆ ಮತ್ತೊಂದನ್ನು ಕೊಳ್ಳಬಹುದು. ಬರಬೇಕಾದ ಬಾಕಿಯ ಲೆಕ್ಕ ಅಳಿಸಿಹೋದರೆ ಅದನ್ನು ಯಾವ ಅಂಗಡಿಯೂ ಮಾರುವುದಿಲ್ಲ.